‘ಇದು’ ಅಂದ್ರೆ ಯಾವುದು, ಮೇಡಂ?

ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆದ್ಮೇಲೆ ಒಂದು ದಿನ ಗೊತ್ತಾಯ್ತು, ನಾನು ಇಷ್ಟು ದಿನ ಪಾಠ ಮಾಡ್ತಿದ್ದಿದ್ದು ಬಾಯಲ್ಲಿ ಅಲ್ಲ, ಬೆರಳಲ್ಲಿ ಅಂತ. ನನ್ನ ಸಬ್ಜೆಕ್ಟು ಸ್ಟ್ಯಾಟಿಸ್ಟಿಕ್ಸ್. ಅವತ್ತು ವೇರಿಯನ್ಸ್ ಲೆಕ್ಕ, ಅಂದ್ರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ನೋಡೋ ಲೆಕ್ಕ. ಬೋರ್ಡ್ ಮೇಲೆ ಟೇಬಲ್ ಹಾಕ್ಕೊಂಡು, "ನೋಡಿ, ಇದರಿಂದ ಇದನ್ನ ಕಳೀರಿ, ಬಂದಿದ್ದನ್ನ ಸ್ಕ್ವೇರ್ ಮಾಡಿ ಇಲ್ಲಿ ಬರ್ಕೊಳ್ಳಿ, ಹೀಗೇ ಕೆಳಗಿನವರೆಗೂ ಹೋಗಿ, ಕೊನೆಗೆ ಇದಿಷ್ಟನ್ನೂ ಕೂಡಿಸಿ ಇದರಿಂದ ಭಾಗಿಸಿದ್ರೆ ಇದು ಬರುತ್ತೆ" ಅಂತ ಒಂದೇ ಉಸಿರಲ್ಲಿ ಹೇಳಿ ಚಾಕ್‌ಪೀಸ್ ಕೆಳಗಿಟ್ಟೆ. ಎಲ್ಲರೂ ತಲೆ ಬಗ್ಗಿಸಿ ಬರೀತಿದ್ರು. ಮೊದಲನೇ ಬೆಂಚಿನ ಹುಡುಗ ಮಾತ್ರ ಸುಮ್ನೆ ಕೂತಿದ್ದ. ಅವನಿಗೆ ಹುಟ್ಟಿದಾಗಿಂದ ಕಣ್ಣು ಕಾಣಲ್ಲ. ಕೈ ಎತ್ತಿ ಭಾಳ ಮರ್ಯಾದೆಯಿಂದ ಕೇಳ್ದ, "ಮೇಡಂ, ‘ಇದು’ ಅಂದ್ರೆ ಯಾವುದು?"

ಅದಕ್ಕೆ ನಾನು ಕೊಟ್ಟ ಉತ್ತರ ನೆನೆಸ್ಕೊಂಡ್ರೆ ಈಗ್ಲೂ ಮುಖ ಮುಚ್ಕೋಬೇಕು ಅನ್ಸುತ್ತೆ. "ಅದೇಪ್ಪಾ, ಈ ಕಾಲಂ!" ಅಂದು ಇನ್ನೊಂದು ಸಲ ಬೋರ್ಡ್ ಕಡೆ ಬೆರಳು ತೋರ್ಸಿದೆ. ಕ್ಲಾಸೆಲ್ಲ ನಕ್ತು, ಅವನೂ ನಕ್ಕ. ಅವನು ನಕ್ಕಿದ್ದಕ್ಕೆ ನಂಗೆ ಸ್ವಲ್ಪ ಸಮಾಧಾನ ಆಯ್ತು, ಆಮೇಲೆ ಆ ಸಮಾಧಾನ ಆಗಿದ್ದಕ್ಕೇ ಬೇಜಾರಾಯ್ತು. ಮನೆಗೆ ಬಂದು ಅದೇ ವಾಕ್ಯನ ಬೆರಳಿಲ್ಲದೆ ಹೇಳೋಕೆ ಟ್ರೈ ಮಾಡ್ದೆ. "ಪ್ರತಿಯೊಂದು ಸಂಖ್ಯೆಯಿಂದ ಸರಾಸರಿಯನ್ನ ಕಳೀರಿ, ಆ ವ್ಯತ್ಯಾಸನ ಸ್ಕ್ವೇರ್ ಮಾಡಿ, ಎಲ್ಲ ಸ್ಕ್ವೇರ್‌ಗಳನ್ನ ಕೂಡಿಸಿ, ಒಟ್ಟು ಎಷ್ಟು ಸಂಖ್ಯೆ ಇದ್ವೋ ಅಷ್ಟರಿಂದ ಭಾಗಿಸಿ." ಅಷ್ಟೇ. ನಾಲ್ಕು ತುಂಡು. ಇಷ್ಟು ಹೇಳೋಕೆ ಕಷ್ಟ ಏನಿತ್ತು? ಕಷ್ಟ ಇತ್ತು ಕಣ್ರೀ, ಯಾಕಂದ್ರೆ ‘ಇದು’ ಅನ್ನುವಾಗ ಅದು ಏನು ಅಂತ ನಾನು ಯೋಚ್ನೆನೇ ಮಾಡ್ತಿರ್ಲಿಲ್ಲ, ಬೆರಳು ಯೋಚ್ನೆ ಮಾಡ್ತಿತ್ತು. ಮುಂದಿನ ಕ್ಲಾಸಲ್ಲಿ ಹೊಸ ವಾಕ್ಯ ಹೇಳಿದಾಗ ಹಿಂದಿನ ಬೆಂಚಿನ ಮೂರು ಜನ, ಕಣ್ಣು ಚೆನ್ನಾಗೇ ಕಾಣೋರು, "ಓ, ಹಂಗಾ ಮೇಡಂ" ಅಂದ್ರು. ಅವರು ಇಷ್ಟು ದಿನ ‘ಇದು’ವನ್ನ ಕಾಪಿ ಮಾಡ್ಕೊಂಡು ಹೋಗ್ತಿದ್ರು ಅಷ್ಟೆ, ಏನು ಬರೀತಿದೀವಿ ಅಂತ ಅವರಿಗೂ ಗೊತ್ತಿರ್ಲಿಲ್ಲ.

ಸ್ಟಾಫ್ ರೂಮಲ್ಲಿ ಒಬ್ರು, "ಕಣ್ಣಿಲ್ದೋನು ಇಂಥ ಸಬ್ಜೆಕ್ಟ್ ಯಾಕ್ ತಗೊಂಡ" ಅಂದ್ರು. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ಮತ್ತೆ ನಂಗೂ ಒಳಗೊಳಗೆ ಹಂಗೇ ಅನ್ಸಿತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಓದಿದ್ದು, ಗೀರಟ್ ವರ್ಮೈ ಅನ್ನೋ ವಿಜ್ಞಾನಿ ಮೂರನೇ ವಯಸ್ಸಿಗೇ ಕಣ್ಣು ಕಳ್ಕೊಂಡು, ಚಿಪ್ಪುಗಳನ್ನ ಕೈಯಲ್ಲೇ ಮುಟ್ಟಿ ಮುಟ್ಟಿ ಅಭ್ಯಾಸ ಮಾಡಿ, ಸಮುದ್ರದ ಮೃದ್ವಂಗಿಗಳಿಗೂ ಅವನ್ನ ತಿನ್ನೋ ಪ್ರಾಣಿಗಳಿಗೂ ಕೋಟ್ಯಂತರ ವರ್ಷದಿಂದ ನಡೀತಿರೋ ಪೈಪೋಟಿ ಬಗ್ಗೆ ಬರೆದೋರು. ವಾಂಡಾ ಡಿಯಾಸ್-ಮರ್ಸೆಡ್ ಅಂತ ಇನ್ನೊಬ್ರು, ದೃಷ್ಟಿ ಹೋದ ಖಗೋಳಶಾಸ್ತ್ರಜ್ಞೆ, ನಕ್ಷತ್ರಗಳ ಡೇಟಾನ ಗ್ರಾಫ್ ಬದಲು ಶಬ್ದ ಮಾಡಿಕೊಂಡು ಕಿವಿಯಲ್ಲಿ ಕೇಳ್ತಾರೆ. ಆದ್ರೆ ಈ ಥರದ ಹೆಸರು ಹೇಳೋದ್ರಲ್ಲೂ ಒಂದು ಅಪಾಯ ಇದೆ. ನನ್ನ ಹುಡುಗ ಅಂಥ ಪ್ರತಿಭೆ ಏನಲ್ಲ, ಮಧ್ಯಾಹ್ನದ ಕ್ಲಾಸಿಗೆ ಚಕ್ಕರ್ ಹೊಡೀತಿದ್ದ, ಅಸೈನ್‌ಮೆಂಟ್ ಕಾಪಿ ಮಾಡ್ತಿದ್ದ, ಕೊನೆಗೆ 58 ತಗೊಂಡು ಪಾಸಾದ. ಸುಮಾರಾಗಿ ಓದಿ ಸುಮಾರಾಗಿ ಪಾಸಾಗೋ ಹಕ್ಕು ಉಳಿದೋರಿಗೆಲ್ಲ ಇದೆಯಲ್ಲ, ಅವನಿಗೆ ಯಾಕಿರಬಾರದು?

ಥರ್ಮಾಕೋಲ್ ಪ್ರಸಂಗ

‘ಇದು’ ಘಟನೆ ಆದ್ಮೇಲೆ ನಂಗೆ ವಿಪರೀತ ಉತ್ಸಾಹ ಬಂತು. ತಪ್ಪು ಮಾಡ್ದೋರಿಗೆ ಬರುತ್ತಲ್ಲ, ಆ ಥರದ್ದು. ಸ್ಕ್ಯಾಟರ್ ಪ್ಲಾಟ್ (ಒಂದೊಂದು ಜೋಡಿ ಸಂಖ್ಯೆಗೂ ಒಂದೊಂದು ಚುಕ್ಕಿ ಇಡೋ ಗ್ರಾಫು) ಪಾಠ ಬರ್ತಿತ್ತು, ಭಾನುವಾರ ಪೂರ್ತಿ ಕೂತು ಒಂದು ಥರ್ಮಾಕೋಲ್ ಶೀಟ್ ಮೇಲೆ ಎರಡು ಕಡ್ಡಿ ಅಂಟಿಸಿ ಆಕ್ಸಿಸ್ ಮಾಡಿ, ಇಪ್ಪತ್ತೆರಡು ಗುಂಡುಪಿನ್ ಚುಚ್ಚಿ, ನಡುವೆ ದಾರ ಎಳೆದು ರಿಗ್ರೆಶನ್ ಲೈನ್, ಅಂದ್ರೆ ಆ ಚುಕ್ಕಿಗಳ ಒಟ್ಟು ದಿಕ್ಕು ತೋರ್ಸೋ ಗೆರೆ, ಮಾಡ್ದೆ. ಬೆರಳಿಗೆ ಎರಡು ಕಡೆ ಪಿನ್ ಚುಚ್ಕೊಂಡು ರಕ್ತನೂ ಬಂತು. ಸೋಮವಾರ ತಗೊಂಡೋಗಿ ಅವನ ಮುಂದಿಟ್ಟೆ. ಅವನು ಎರಡೂ ಕೈ ಇಟ್ಟು ನಿಧಾನಕ್ಕೆ ಎಡಗಡೆಯಿಂದ ಬಲಗಡೆಗೆ ಸವರ್ತಾ ಹೋದ, ಒಂದೊಂದು ಪಿನ್ನಿನ ತಲೆ ಮುಟ್ಟಿ, ಅಲ್ಲಿಂದ ದಾರದವರೆಗೆ ಬೆರಳಲ್ಲೇ ದೂರ ಅಳೆದ. ಬಲಗಡೆ ಮೂಲೆಯಲ್ಲಿದ್ದ ಒಂಟಿ ಪಿನ್ ಹತ್ರ ನಿಂತು, "ಇದು ಗುಂಪಿಗೆ ಸೇರದ್ದು" ಅಂದ. ನಂಗೆ ಗಂಟಲು ಕಟ್ಟಿದಂಗಾಯ್ತು. ಆಮೇಲೆ ಅವನು ಹೇಳಿದ್ದು: "ಚೆನ್ನಾಗಿದೆ ಮೇಡಂ. ಆದ್ರೆ ನೀವು ಗ್ರೂಪಲ್ಲಿ ಹಾಕ್ತೀರಲ್ಲ ನೋಟ್ಸು, ಅದು ಒಂದೂ ನಂಗೆ ಓದೋಕಾಗಲ್ಲ. ಎರಡು ತಿಂಗಳಾಯ್ತು. ಅದನ್ನ ವರ್ಡ್ ಫೈಲಲ್ಲಿ ಕೊಡೋಕಾಗುತ್ತಾ?"

ಎರಡು ತಿಂಗಳು! ನಾನು ಕೈಯಲ್ಲಿ ಬರೆದ ನೋಟ್ಸನ್ನ ಫೋನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕ್ತಿದ್ದೆ. ಅದು ನೋಡೋಕೆ ಪುಟ, ಕಂಪ್ಯೂಟರ್ ಲೆಕ್ಕದಲ್ಲಿ ಒಂದು ಫೋಟೋ. ಸ್ಕ್ರೀನ್ ರೀಡರ್‌ಗೆ (ಸ್ಕ್ರೀನ್ ಮೇಲಿರೋದನ್ನ ಗಟ್ಟಿಯಾಗಿ ಓದಿ ಹೇಳೋ ಸಾಫ್ಟ್‌ವೇರ್ ಅದು) ಅದರಲ್ಲಿ ಅಕ್ಷರವೇ ಇಲ್ಲ. ಅವನಿಗೆ ಬೇಕಿದ್ದಿದ್ದು ಐದು ನಿಮಿಷದ ಕೆಲಸ, ನಾನು ಮಾಡಿದ್ದು ಇಡೀ ಭಾನುವಾರದ ಕೆಲಸ, ಅದೂ ಅವನನ್ನ ಒಂದು ಮಾತು ಕೇಳದೆ.

ಮೇಷ್ಟ್ರುಗಳಿಗೆ ಇದು ಹಳೇ ರೋಗ ಅಂತ ಆಮೇಲೆ ಗೊತ್ತಾಯ್ತು. ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಯಲ್ಲಿ ಮೊದಲು ಓದಿಸ್ತಿದ್ದಿದ್ದು ಉಬ್ಬಿಸಿದ ಮಾಮೂಲಿ ರೋಮನ್ ಅಕ್ಷರ. ಕಣ್ಣಿರೋ ಮೇಷ್ಟ್ರಿಗೆ ಅದು ಸಲೀಸು, ಬೆರಳಿಗೆ ಮಾತ್ರ ಮಹಾ ನಿಧಾನ, ಮೇಲಾಗಿ ಮಕ್ಕಳು ಅದನ್ನ ಓದಬಹುದಿತ್ತೇ ಹೊರತು ತಾವಾಗಿ ಬರಿಯೋಕಾಗ್ತಿರ್ಲಿಲ್ಲ. ಅದೇ ಶಾಲೆಯ ಹುಡುಗ ಲೂಯಿ ಬ್ರೈಲ್ 1824ರಲ್ಲಿ, ಹದಿನೈದನೇ ವಯಸ್ಸಲ್ಲಿ, ಆರು ಚುಕ್ಕಿಯ ಲಿಪಿ ಮಾಡ್ದ. ಶಾಲೆ ಅದನ್ನ ಅಧಿಕೃತವಾಗಿ ಒಪ್ಕೊಂಡಿದ್ದು 1854ರಲ್ಲಿ, ಅವನು ತೀರ್ಕೊಂಡು ಎರಡು ವರ್ಷ ಆದ್ಮೇಲೆ. ಕಿವಿ ಕೇಳಿಸದವರ ಕಥೆ ಇನ್ನೂ ಬೇಜಾರು: 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರು, ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳೋರೇ, ಶಾಲೆಯಲ್ಲಿ ಸಂಜ್ಞಾ ಭಾಷೆ ಬೇಡ, ಬಾಯಿಮಾತೇ ಸರಿ ಅಂತ ನಿರ್ಣಯ ಮಾಡಿ ಎದ್ದೋದ್ರು, ಅದಕ್ಕೆ ವಿಷಾದ ಹೇಳೋಕೆ 2010ರ ಸಮ್ಮೇಳನ ಬರ್ಬೇಕಾಯ್ತು. ಇವರೆಲ್ಲ ಮಕ್ಕಳ ಒಳ್ಳೇದಕ್ಕೇ ಅಂತ ನಂಬಿದ್ರು, ಥರ್ಮಾಕೋಲ್‌ಗೆ ಪಿನ್ ಚುಚ್ತಾ ನಾನೂ ಹಂಗೇ ನಂಬಿದ್ದೆ.

ಈಗ ಸೆಮಿಸ್ಟರ್ ಶುರುವಾದ ಮೊದಲ ವಾರ ಎಲ್ಲರಿಗೂ ಒಂದೇ ಮಾತು ಹೇಳ್ತೀನಿ: ಓದೋಕೆ, ಬರಿಯೋಕೆ, ಕೇಳೋಕೆ, ಕೂರೋಕೆ, ಪರೀಕ್ಷೆಗೆ ಏನಾದ್ರೂ ಬೇರೆ ವ್ಯವಸ್ಥೆ ಬೇಕಿದ್ರೆ ಮೆಸೇಜ್ ಮಾಡಿ ಇಲ್ಲಾ ಬಂದು ಹೇಳಿ. ನಿಮಗೇನಾಗಿದೆ ಅಂತ ಹೇಳ್ಬೇಕಿಲ್ಲ, ಏನು ಬೇಕು ಅಂತ ಹೇಳಿದ್ರೆ ಸಾಕು. ಕಾಯಿಲೆ ಹೆಸರು ತಗೊಂಡು ನಾನೇನು ಮಾಡ್ಲಿ, ನಾನು ಡಾಕ್ಟರಾ? ಒಂದೇ ಕಾಯಿಲೆ ಇರೋ ಇಬ್ಬರಿಗೆ ಬೇಕಾಗೋದು ಬೇರೆ ಬೇರೆ ಇರುತ್ತೆ, ಕಣ್ಣು ಕಾಣದವರೆಲ್ಲ ಬ್ರೈಲ್ ಓದ್ತಾರೆ ಅಂತಲೂ ಇಲ್ಲ. ಮೊದಲ ವಾರ ಯಾರೂ ಬರಲ್ಲ. ಮೂರನೇ ವಾರ, ಇನ್ನೊಂದು ಸಲ ಹೇಳಿದ್ಮೇಲೆ, ಒಬ್ರೋ ಇಬ್ರೋ ಕಾರಿಡಾರಲ್ಲಿ ಸಿಕ್ಕಾಗ ನಿಲ್ತಾರೆ.

ಖಾಲಿ ಪುಟ

ಎನ್‌ವಿಡಿಎ ಅಂತ ಒಂದು ಸ್ಕ್ರೀನ್ ರೀಡರ್ ಇದೆ, ಪೂರ್ತಿ ಫ್ರೀ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆಹ್ ಜೊತೆಯಾದ್ರು, ಇಬ್ಬರಿಗೂ ಕಣ್ಣು ಕಾಣಲ್ಲ. ಆ ಹುಡುಗ ಹೇಳಿದ್ಮೇಲೆ ನನ್ನ ಲ್ಯಾಪ್‌ಟಾಪಿಗೆ ಹಾಕ್ಕೊಂಡು, ಸ್ಕ್ರೀನಿಗೆ ಟವೆಲ್ ಮುಚ್ಚಿ, ನನ್ನದೇ ನೋಟ್ಸ್ ಓದಿಸಿ ಕೇಳ್ದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ತೆಗೆದ್ರೆ ಖಾಲಿ ಅಂತ. ಪಿಪಿಟಿ ತೆಗೆದ್ರೆ ಪಿಕ್ಚರ್ ನಾಲ್ಕು, ಪಿಕ್ಚರ್ ಏಳು, ಪಿಕ್ಚರ್ ಎಂಟು, ಯಾವುದಕ್ಕೂ ವಿವರಣೆ ಇಲ್ಲ, ಯಾಕಂದ್ರೆ ಚಿತ್ರದಲ್ಲಿ ಏನಿದೆ ಅಂತ ಬರಿಯೋಕೆ ಆಲ್ಟ್ ಟೆಕ್ಸ್ಟ್ ಅನ್ನೋ ಜಾಗ ಇದೆ ಅಂತಲೇ ನಂಗೆ ಗೊತ್ತಿರ್ಲಿಲ್ಲ. ಯೂನಿಕೋಡ್‌ಗಿಂತ ಮುಂಚಿನ ಹಳೇ ಕನ್ನಡ ಫಾಂಟಲ್ಲಿ ಟೈಪ್ ಮಾಡಿದ ಒಂದು ಫೈಲ್ ಇತ್ತು, ಅದನ್ನ ಓದೋಕೆ ಹೋಗಿ ಅದು ಏನೇನೋ ಇಂಗ್ಲಿಷ್ ಅಕ್ಷರಗಳನ್ನ ಒದರೋಕೆ ಶುರು ಮಾಡ್ತು. ಹೆಡಿಂಗುಗಳನ್ನ ನಾನು ಬರೀ ಬೋಲ್ಡ್ ಮಾಡಿ, ದೊಡ್ಡದು ಮಾಡಿ ಇಟ್ಟಿದ್ದೆ. ಕಣ್ಣಿಗೆ ಅದು ಹೆಡಿಂಗು, ಸಾಫ್ಟ್‌ವೇರಿಗೆ ದಪ್ಪ ಅಕ್ಷರ ಅಷ್ಟೆ. ವರ್ಡಲ್ಲಿ ಹೆಡಿಂಗ್ ಸ್ಟೈಲ್ ಹಾಕಿದ್ರೆ ಒಂದು ಕೀ ಒತ್ತಿ ಹೆಡಿಂಗಿಂದ ಹೆಡಿಂಗಿಗೆ ಹಾರ್ಕೊಂಡು ಹೋಗಬಹುದು, ಇಲ್ಲಾಂದ್ರೆ ನಲವತ್ತು ಪುಟನೂ ಮೊದಲಿಂದ ಕೇಳ್ಬೇಕು.

ಮತ್ತೆ ಬಣ್ಣದ ವಿಷಯ. ನನ್ನ ಗ್ರಾಫುಗಳಲ್ಲಿ ಕೆಂಪು ಗೆರೆ ಒಂದು ಗುಂಪು, ಹಸಿರು ಗೆರೆ ಇನ್ನೊಂದು ಗುಂಪು ಇರ್ತಿತ್ತು. ಅರವತ್ತು ಹುಡುಗರ ಕ್ಲಾಸಲ್ಲಿ ಕೆಂಪು-ಹಸಿರಿನ ವ್ಯತ್ಯಾಸ ತಿಳಿಯದೆ ಇರೋನು ಒಬ್ಬನಾದ್ರೂ ಇರೋ ಸಾಧ್ಯತೆ ಜಾಸ್ತಿನೇ, ಎಷ್ಟೋ ಸಲ ಅವನಿಗೇ ಅದು ಗೊತ್ತಿರಲ್ಲ. ಈಗ ಒಂದು ಗೆರೆ ಪೂರ್ತಿ ಎಳೀತೀನಿ, ಇನ್ನೊಂದು ಚುಕ್ಕಿ ಚುಕ್ಕಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ ಇರ್ಬೇಕು ಅಂತ ವೆಬ್ ಪುಟಗಳಿಗೆ ಒಂದು ಲೆಕ್ಕ ಇದೆ, ನನ್ನ ತಿಳಿ ಬೂದು ಅಕ್ಷರದ ಸ್ಟೈಲಿಶ್ ಸ್ಲೈಡುಗಳು ಅದರಲ್ಲಿ ಫೇಲು.

ಬೋರ್ಡಿಗೆ ಮುಖ ಮಾಡಿ ಮಾತಾಡೋದು

ಕಿವಿ ಕೇಳಿಸದ ವಿದ್ಯಾರ್ಥಿನಿ ಒಂದೇ ಸೆಮಿಸ್ಟರ್ ನನ್ನ ಕ್ಲಾಸಲ್ಲಿದ್ಲು, ಹಾಗಾಗಿ ನಂಗೆ ಗೊತ್ತಿರೋದು ಕಮ್ಮಿ. ಅವಳು ಬಂದ ದಿನ ನಾನು ಅಂದ್ಕೊಂಡಿದ್ದು ತುಟಿ ನೋಡಿ ಅರ್ಥ ಮಾಡ್ಕೋತಾಳೆ ಅಂತ. ಕನ್ನಡಿ ಮುಂದೆ ನಿಂತು ಶಬ್ದ ಮಾಡ್ದೆ ‘ಪಾಪ’, ‘ಬಾಬ’, ‘ಮಾಮ’ ಅಂತ ಅಂದು ನೋಡಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರ್ಕೊಳುತ್ತೆ. ಕ, ಗ ಅಂತೂ ಗಂಟಲ ಹತ್ರ ಆಗೋದು, ಕಾಣೋದೇ ಇಲ್ಲ. ಅದರ ಮೇಲೆ ನಾನು ಅರ್ಧ ಪಾಠ ಬೋರ್ಡಿಗೆ ಹೇಳ್ತಿದ್ದೆ, ಕ್ಲಾಸಿಗಲ್ಲ. ಅವಳ ಜೊತೆ ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್ ಬರ್ತಿದ್ರು, ನಾನು ಅವರನ್ನ ನೋಡ್ಕೊಂಡು "ಅವಳಿಗೆ ಅರ್ಥ ಆಯ್ತಾ ಕೇಳಿ" ಅಂತಿದ್ದೆ, ಅವಳು ಎದುರಲ್ಲೇ ಕೂತಿದ್ದಾಗ! ಅವರು ಒಂದು ದಿನ ನಗ್ತಾ "ಅವಳನ್ನೇ ಕೇಳಿ ಮೇಡಂ, ನಾನು ಬರೀ ದಾರಿ" ಅಂದ್ರು.

ಇನ್ನೊಂದು ನಂಗೆ ಹೊಳೆಯದೇ ಇದ್ದಿದ್ದು: ಸಂಜ್ಞೆ ನನ್ನ ಮಾತಿಗಿಂತ ಕೆಲವು ಸೆಕೆಂಡ್ ಹಿಂದೆ ಇರುತ್ತೆ. ನಾನು ಪ್ರಶ್ನೆ ಕೇಳಿ "ಯಾರು ಹೇಳ್ತೀರಾ" ಅನ್ನೋಷ್ಟರಲ್ಲಿ ಮುಂದಿನ ಬೆಂಚಿನವರು ಉತ್ತರ ಹೇಳಿ ಮುಗಿಸಿರ್ತಾರೆ, ಅವಳಿಗೆ ಪ್ರಶ್ನೆ ಆಗ ತಲುಪಿರುತ್ತೆ. ಇಡೀ ಸೆಮಿಸ್ಟರ್ ಅವಳು ಒಂದು ಉತ್ತರನೂ ಹೇಳಿಲ್ಲ ಅಂದ್ರೆ ಅದಕ್ಕೆ ಕಾರಣ ದಡ್ಡತನ ಅಲ್ಲ, ನನ್ನ ಅವಸರ. ಕೈ ನೋಡ್ಕೊಂಡೇ ನೋಟ್ಸ್ ಬರಿಯೋಕಾಗಲ್ಲ ಅನ್ನೋದೂ ಅಷ್ಟೇ, ಕಣ್ಣು ಎರಡಿದ್ರೂ ನೋಟ ಒಂದೇ ತಾನೆ. ಪಕ್ಕದವಳ ನೋಟ್ಸ್ ಕಾಪಿ ಕೊಡ್ಸಿದ್ವಿ, ಅದು ಸರಿ ಹೋಯ್ತು.

ಮೀ… ಮೀ…

ಇದನ್ನ ಬರೀಬೇಕೋ ಬೇಡ್ವೋ ಅಂತ ಭಾಳ ದಿನ ಯೋಚ್ನೆ ಮಾಡ್ದೆ. ವೈವಾ ನಡೀತಿತ್ತು, ಒಬ್ಬೊಬ್ಬರಿಗೆ ಹತ್ತು ನಿಮಿಷ, ಹೊರಗೆ ಇನ್ನೂ ಹದಿನೆಂಟು ಜನ ಕ್ಯೂ. ಒಳಗೆ ಬಂದ ಹುಡುಗಿಗೆ ಉಗ್ಗು ಇತ್ತು, ನಂಗೆ ಗೊತ್ತಿತ್ತು, ಅದಕ್ಕೇ ಸಿಂಪಲ್ಲಾಗಿ ಕೇಳ್ದೆ, "ನೂರು ಜನರ ಆದಾಯದ ಲೆಕ್ಕ ಇದೆ, ಅದರಲ್ಲಿ ಒಬ್ಬ ಮಾತ್ರ ಕೋಟ್ಯಧಿಪತಿ, ಯಾವ ಸರಾಸರಿ ಹೇಳಿದ್ರೆ ನಿಜ ಚಿತ್ರ ಸಿಗುತ್ತೆ?" ಅವಳು "ಮೀ…" ಅಂದ್ಲು. "ಮೀ… ಮೀ…" ಅಂದ್ಲು. ಕುತ್ತಿಗೆ ನರ ಬಿಗೀತಿತ್ತು, ಕಣ್ಣು ಮೇಜಿನ ಅಂಚಿಗೆ ನೆಟ್ಟಿತ್ತು. ನಾನು ಸಹಾಯ ಮಾಡೋಣ ಅಂತ ನಗುನಗ್ತಾ "ಮೀನ್ ಆ?" ಅಂದೆ. ಅವಳು ಒಂದು ಕ್ಷಣ ನನ್ನನ್ನ ನೋಡಿ, ಹೂಂ ಅಂತ ತಲೆ ಆಡ್ಸಿದ್ಲು. ನಾನು ಪಾಪ ತಪ್ಪು ಹೇಳಿದ್ಲಲ್ಲ ಅಂದ್ಕೊಂಡು ಎರಡು ಮಾರ್ಕ್ಸ್ ಕಳೆದೆ. ಉತ್ತರ ಮೀಡಿಯನ್, ಅಂದ್ರೆ ಎಲ್ಲರನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದ್ರೆ ನಟ್ಟನಡುವೆ ಬರೋದು; ಮೀನ್ ಅಂದ್ರೆ ಮಾಮೂಲಿ ಸರಾಸರಿ, ಅದನ್ನ ಆ ಕೋಟ್ಯಧಿಪತಿ ಒಬ್ಬನೇ ಮೇಲಕ್ಕೆ ಎಳೆದುಬಿಡ್ತಾನೆ.

ರಿಸಲ್ಟ್ ಎಲ್ಲ ಬಂದ್ಮೇಲೆ, ಕಾಲೇಜು ಬಿಡುವಾಗ, ಅವಳು ಒಂದು ಮೆಸೇಜ್ ಕಳ್ಸಿದ್ಲು. ದೂರು ಅಲ್ಲ, ಥ್ಯಾಂಕ್ಸ್ ಹೇಳೋ ಮೆಸೇಜೇ, ಅದರ ಮಧ್ಯೆ ಒಂದು ಸಾಲು: "ಅವತ್ತು ವೈವಾದಲ್ಲಿ ನಾನು ಹೇಳೋಕೆ ಹೊರಟಿದ್ದು ಮೀಡಿಯನ್ ಮೇಡಂ. ನೀವು ಮೀನ್ ಅಂದ್ರಿ. ಅಲ್ಲ ಅನ್ಬೇಕಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಿತ್ತು." ಅಂದ್ರೆ ತಪ್ಪು ಉತ್ತರ ನಂದು. ನಾನೇ ಹೇಳಿ, ನಾನೇ ಅವಳ ಮಾರ್ಕ್ಸ್ ಕಳೆದಿದ್ದೆ. ಅದನ್ನ ಸರಿ ಮಾಡೋ ಟೈಮ್ ಮುಗಿದಿತ್ತು, ಎರಡು ಮಾರ್ಕ್ಸಿಂದ ಅವಳ ಜೀವನ ಏನೂ ಬದಲಾಗಲಿಲ್ಲ ಅಂತ ನಂಗೆ ನಾನೇ ಹೇಳ್ಕೊಂಡಿದ್ದೀನಿ, ಪ್ರಯೋಜನ ಆಗಿಲ್ಲ. ಈಗ ವೈವಾ ಮೇಜಿನ ಮೇಲೆ ಒಂದು ಹಾಳೆ, ಪೆನ್ನು ಇಟ್ಟಿರ್ತೀನಿ, ಎಲ್ಲರಿಗೂ. ಬೇಕಾದೋರು ಬರೆದು ತೋರಿಸ್ಬಹುದು. ಉಗ್ಗೋರ ಮಾತನ್ನ ನಾನು ಪೂರ್ತಿ ಮಾಡಲ್ಲ, ಮುಖ ಬೇರೆ ಕಡೆ ತಿರುಗ್ಸಲ್ಲ, "ನಿಧಾನ, ಟೆನ್ಶನ್ ಬೇಡ" ಅಂತಲೂ ಅನ್ನಲ್ಲ (ಟೆನ್ಶನ್ ಬೇಡ ಅಂದ ತಕ್ಷಣ ಯಾರಿಗೆ ಟೆನ್ಶನ್ ಹೋಗಿದೆ ಹೇಳಿ). ಸುಮ್ನಿರ್ತೀನಿ. ಮೇಷ್ಟ್ರಿಗೆ ಸುಮ್ನಿರೋದು ಎಷ್ಟು ಕಷ್ಟ ಅಂತ ಮೇಷ್ಟ್ರಿಗೇ ಗೊತ್ತು.

ಎಕ್ಸ್‌ಟ್ರಾ ಟೈಮ್ ಅನ್ನೋ ಜಗಳ

ಪ್ರತಿ ಪರೀಕ್ಷೆಗೂ ಈ ಮಾತು ಬಂದೇ ಬರುತ್ತೆ, "ಒಬ್ರಿಗೆ ಜಾಸ್ತಿ ಟೈಮ್ ಕೊಟ್ರೆ ಉಳಿದೋರಿಗೆ ಅನ್ಯಾಯ ಅಲ್ವಾ". ನಾನೂ ಹಿಂದೆ ಅಂದಿದ್ದೀನಿ. ಈಗ ನಂಗೆ ನಾನೇ ಕೇಳ್ಕೊಳ್ಳೋ ಪ್ರಶ್ನೆ ಬೇರೆ: ಈ ಪೇಪರಲ್ಲಿ ನಾನು ಅಳೀತಿರೋದು ಏನು? ವೇರಿಯನ್ಸ್ ಅಂದ್ರೆ ಏನು ಅಂತ ಗೊತ್ತಿದೆಯೋ ಇಲ್ವೋ ಅನ್ನೋದು ತಾನೆ, ಎಷ್ಟು ಬೇಗ ಪೆನ್ನು ಓಡುತ್ತೆ ಅನ್ನೋದಲ್ಲವಲ್ಲ. ಟೈಪಿಂಗ್ ಪರೀಕ್ಷೆಯಲ್ಲಿ ವೇಗ ವಿಷಯದ ಭಾಗ, ಅಲ್ಲಿ ಮಾತು ಬೇರೆ. ನನ್ನ ಸಬ್ಜೆಕ್ಟಲ್ಲಿ ವೇಗ ಸುಮ್ನೆ ಒಳಗೆ ಬಂದು ಕೂತಿರೋ ಅತಿಥಿ. ಹಾಗಾಗಿ ನನ್ನ ಕೈಯಲ್ಲಿರೋ ಇಂಟರ್ನಲ್ ಟೆಸ್ಟುಗಳಲ್ಲಿ ಒಂದು ಗಂಟೆಯ ಪೇಪರ್ ಕೊಟ್ಟು ಎಲ್ಲರಿಗೂ ಎರಡು ಗಂಟೆ ಬಿಡ್ತೀನಿ. ಅರ್ಧ ಕ್ಲಾಸ್ ಬೇಗ ಎದ್ದು ಹೋಗುತ್ತೆ. ಡಿಸ್‌ಲೆಕ್ಸಿಯಾ (ಓದು-ಬರಹ ಕಷ್ಟ ಮಾಡೋ ತೊಂದರೆ) ಇರೋ ಹುಡುಗ, ಅದು ಇದೆ ಅಂತ ಯಾರಿಗೂ ಹೇಳದೇ ಇರೋ ಹುಡುಗ, ಇಬ್ಬರೂ ಅಲ್ಲೇ ಕೂತು ಬರೀತಾರೆ, ಯಾರು ಯಾಕೆ ಕೂತಿದ್ದಾರೆ ಅಂತ ಯಾರಿಗೂ ಗೊತ್ತಾಗಲ್ಲ. ಕೆಲವರಿಗೆ ಅದೂ ಸಾಲಲ್ಲ, ಅವರಿಗೆ ಬೇರೆ ವ್ಯವಸ್ಥೆ ಬೇಕೇ ಬೇಕು, ಆದ್ರೆ ಅಂಥವರ ಸಂಖ್ಯೆ ಕಮ್ಮಿ ಆಗುತ್ತೆ.

ಇದನ್ನ ಕ್ಲಾಸ್ ಮುಂದೆ ಕೂಗಿ ಹೇಳೋರನ್ನ ನೋಡಿದ್ದೀನಿ, "ಎಕ್ಸ್‌ಟ್ರಾ ಟೈಮ್ ಇರೋರು ಯಾರು, ಕೈ ಎತ್ತಿ" ಅಂತ. ಅಂಥ ಕಡೆ ಕೈ ಎತ್ತೋಕಿಂತ ಫೇಲಾಗೋದೇ ವಾಸಿ ಅನ್ಸುತ್ತೆ ಹತ್ತೊಂಬತ್ತರ ವಯಸ್ಸಲ್ಲಿ.

ಸ್ಕ್ರೈಬ್, ಅಂದ್ರೆ ವಿದ್ಯಾರ್ಥಿ ಹೇಳಿದ ಉತ್ತರ ಬರ್ಕೊಡೋರು, ಕೊಟ್ರೆ ಎಲ್ಲ ಸರಿ ಹೋಯ್ತು ಅನ್ಕೊಳೋರಿಗೆ ಒಂದು ಲೆಕ್ಕ. "ಎ ಪ್ಲಸ್ ಬಿ ಬೈ ಸಿ" ಅಂತ ಹುಡುಗ ಹೇಳ್ದ. ಎ ಎರಡು, ಬಿ ನಾಲ್ಕು, ಸಿ ಎರಡು ಅಂತಿಟ್ಕೊಳ್ಳಿ. ಎರಡನ್ನೂ ಕೂಡಿಸಿ ಭಾಗಿಸಿದ್ರೆ ಮೂರು, ಬಿಯನ್ನ ಮಾತ್ರ ಭಾಗಿಸಿ ಆಮೇಲೆ ಕೂಡಿಸಿದ್ರೆ ನಾಲ್ಕು. ಸ್ಟ್ಯಾಟಿಸ್ಟಿಕ್ಸ್ ಗೊತ್ತಿಲ್ಲದ ಸ್ಕ್ರೈಬ್ ತನಗೆ ತೋಚಿದ ಹಾಗೆ ಬರೀತಾನೆ, ಹುಡುಗನಿಗೆ ಏನು ಬರೆದಿದ್ದಾನೆ ಅಂತ ನೋಡೋಕಾಗಲ್ಲ, ಪೇಪರ್ ತಿದ್ದೋ ನಾನು ಇಬ್ಬರನ್ನೂ ನೋಡಿರಲ್ಲ. ಈಗ ನಾವು ಪಾಠದಲ್ಲೇ "ಬ್ರ್ಯಾಕೆಟ್ ಓಪನ್, ಎ ಪ್ಲಸ್ ಬಿ, ಬ್ರ್ಯಾಕೆಟ್ ಕ್ಲೋಸ್, ಪೂರ್ತಿ ಬೈ ಸಿ" ಅಂತ ಹೇಳೋ ಅಭ್ಯಾಸ ಮಾಡಿದ್ದೀವಿ, ಪರೀಕ್ಷೆಗೆ ಮುಂಚೆ ಹುಡುಗನೂ ಸ್ಕ್ರೈಬೂ ಒಟ್ಟಿಗೆ ಒಂದು ಗಂಟೆ ಕೂತು ರೂಢಿ ಮಾಡ್ಕೊಳ್ಳೋ ಥರ ನೋಡ್ಕೋತೀನಿ.

2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ‘ರೀಸನಬಲ್ ಅಕಾಮಡೇಶನ್’ ಅಂತ ಒಂದು ಮಾತಿದೆ. ಎದುರಿನವರಿಗೆ ಮಿತಿಮೀರಿದ ಹೊರೆ ಆಗದ ಹಾಗೆ ಮಾಡಬಹುದಾದ ಬದಲಾವಣೆ ಅಂತ ಅರ್ಥ, ಅದನ್ನ ನಿರಾಕರಿಸೋದೂ ತಾರತಮ್ಯವೇ ಅಂತ ಅಲ್ಲೇ ಬರೆದಿದೆ. ನಂಗೆ ಆ ಕೊನೇ ತುಂಡು ಇಷ್ಟ. ಯಾಕಂದ್ರೆ ನಮ್ಮಲ್ಲಿ ಇದೆಲ್ಲ ಮೇಷ್ಟ್ರ ಒಳ್ಳೇತನದ ಖಾತೆಗೆ ಹೋಗುತ್ತೆ, ವರ್ಡ್ ಫೈಲ್ ಕೊಟ್ಟಿದ್ದಕ್ಕೆ ಆ ಹುಡುಗ ನಂಗೆ ಮೂರು ಸಲ ಥ್ಯಾಂಕ್ಸ್ ಹೇಳ್ದ. ಉಳಿದ ಐವತ್ತೊಂಬತ್ತು ಜನಕ್ಕೆ ಎರಡು ತಿಂಗಳಿಂದ ನೋಟ್ಸ್ ಸಿಗ್ತಿತ್ತು, ಅವರಲ್ಲಿ ಒಬ್ಬನೂ ಥ್ಯಾಂಕ್ಸ್ ಹೇಳಿರ್ಲಿಲ್ಲ, ನಾನೂ ನಿರೀಕ್ಷೆ ಮಾಡಿರ್ಲಿಲ್ಲ.

ಅವನು ಪಾಸಾಗಿ ಹೋಗಿ ಮೂರು ವರ್ಷ ಆಯ್ತು. ಥರ್ಮಾಕೋಲ್ ಶೀಟ್ ಇನ್ನೂ ನನ್ನ ಬೀರು ಹಿಂದೆ ಇದೆ, ಕೆಲವು ಪಿನ್ ಉದುರಿವೆ, ಆ ಒಂಟಿ ಪಿನ್ ಮಾತ್ರ ಗಟ್ಟಿ ಕೂತಿದೆ. ಸ್ಕ್ಯಾಟರ್ ಪ್ಲಾಟ್ ಪಾಠಕ್ಕೆ ಅದನ್ನ ಈಗ್ಲೂ ಒಯ್ತೀನಿ, ಹುಡುಗರು ಕಣ್ಣು ಮುಚ್ಕೊಂಡು ಸವರಿ ನೋಡ್ತಾರೆ. ಹೋದ ವಾರ ಅವಸರದಲ್ಲಿ ಬೋರ್ಡಿಗೆ ತಿರುಗಿ "ಇದನ್ನ ಇದಕ್ಕೆ ಕೂಡಿಸಿದ್ರೆ" ಅಂತ ಶುರು ಮಾಡ್ದೆ. ಹಿಂದಿನ ಬೆಂಚಿಂದ ಯಾರೋ, ಕಣ್ಣು ಕಿವಿ ಎಲ್ಲ ನೆಟ್ಟಗಿರೋ ಒಬ್ಬ ತರಲೆ, ರಾಗ ಎಳೆದ: "ಯಾವುದನ್ನ ಮೇಡಂ, ಯಾವುದಕ್ಕೇ?"